ಎಡಗೈಯವನು ನಮ್ಮ ಮನೆಯಲ್ಲಿದ್ದ ಬೇಸಿಗೆ

ನಮ್ಮ ಮನೆಯಲ್ಲಿ ಮೂರು ಮಲಗುವ ಕೋಣೆಗಳಿದ್ದವು. ಒಂದು ಅಪ್ಪ ಅವ್ವನದು, ಒಂದು ನನ್ನದು, ಮೂರನೆಯದು ಹುಟ್ಟಬೇಕಿದ್ದ ಮಗುವಿನದು. ಮನೆ ಇದ್ದದ್ದು ಸಿಯಾಟಲ್‌ನಿಂದ ಉತ್ತರಕ್ಕೆ, ವಿಮಾನ ಜೋಡಿಸುವ ಕಾರ್ಖಾನೆಯ ಹತ್ತಿರ. ಅಪ್ಪ ಮೊದಲು ಸಿಯಾಟಲ್‌ನ ದಕ್ಷಿಣಕ್ಕಿರುವ ರೆಂಟನ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ನಮ್ಮ ಬಾಗಲಕೋಟೆ ಕಡೆಯವರದೇ ನಾಲ್ಕಾರು ಮನೆಗಳಿದ್ದವು. ಸಂಜೆ ಯಾರಾದರೊಬ್ಬರ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಅವ್ವ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ಅಪ್ಪನಿಗೆ ಉತ್ತರದ ಕಾರ್ಖಾನೆಗೆ ವರ್ಗವಾದ ಮೇಲೆ ಅದೆಲ್ಲ ನಿಂತಿತು. ಹೊಸ ಬೀದಿಯಲ್ಲಿ ಮನೆಗಳ ಗ್ಯಾರೇಜಿನ ಬಾಗಿಲು ತೆರೆಯುತ್ತಿತ್ತು, ಕಾರು ಒಳಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಒಳಗೆ ಯಾರಿದ್ದಾರೆ ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಮೂರನೆಯ ಕೋಣೆಗೆ ಅಪ್ಪ ತಾನೇ ತಿಳಿಹಳದಿ ಬಣ್ಣ ಹೊಡೆದಿದ್ದ. ನನಗೆ ಆಗ ಹತ್ತು ವರ್ಷ; ಕಿಟಕಿಯ ಅಂಚಿಗೆ ಅಂಟಿಸಿದ್ದ ನೀಲಿ ಟೇಪನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಫೆಬ್ರುವರಿಯಲ್ಲಿ ಬರಬೇಕಿದ್ದ ಮಗು ಜನವರಿಯಲ್ಲೇ ಬಂತು, ಉಸಿರಿಲ್ಲದೆ.

ಅವ್ವ ಆಸ್ಪತ್ರೆಯಲ್ಲಿದ್ದಾಗಲೇ ಅಪ್ಪ ತೊಟ್ಟಿಲು ಮಂಚವನ್ನು ಬಿಚ್ಚಿ, ಪುಟ್ಟ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿ, ಹಳೆಯ ಸಾಮಾನು ತೆಗೆದುಕೊಳ್ಳುವ ಧರ್ಮಾರ್ಥದ ಅಂಗಡಿಗೆ ಕೊಟ್ಟು ಬಂದ. ಅವ್ವ ಮನೆಗೆ ಬಂದವಳು ಕೋಟನ್ನೂ ತೆಗೆಯದೆ ಆ ಕೋಣೆಗೆ ಹೋದಳು. ಗೋಡೆ ಮಾತ್ರ ಇತ್ತು.

“ನನ್ನ ಒಂದು ಮಾತು ಕೇಳಲಾರದ ಹೆಂಗ ಕೊಟ್ರಿ?”

“ನೋಡಿದ್ರ ನಿನಗ ಸಂಕಟ ಆಗ್ತೈತಿ ಅಂತ...”

“ನನ್ನ ಸಂಕಟ ನನಗ ಬಿಡಬೇಕಿತ್ತು.”

ಜಗಳ ಇಷ್ಟೇ. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುವುದನ್ನು ಬಿಟ್ಟರು. ಮಾತೆಲ್ಲ ನನ್ನ ಮೂಲಕ ಹೋಗುತ್ತಿತ್ತು. “ಊಟ ಆಗೇತಿ ಬರ್ರಿ ಅಂತ ಹೇಳು ಅಪ್ಪಗ.” “ನಾಳೆ ಕಾರು ಬೇಕೇನಂತ ಕೇಳು ಅವ್ವಗ.” ಅಡುಗೆಮನೆಗೂ ಟೀವಿ ಇದ್ದ ಕೋಣೆಗೂ ನಡುವೆ ಬಾಗಿಲೇ ಇರಲಿಲ್ಲ; ಅವ್ವ ಹೇಳಿದ್ದು ಅಪ್ಪನಿಗೆ ನೇರವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳುವವರೆಗೆ ಅಪ್ಪ ಏಳುತ್ತಿರಲಿಲ್ಲ. ರೆಡ್ಮಂಡ್ ಊರಿನಿಂದ ಕನ್ನಡದ ಹೆಂಗಸರು ಡಬ್ಬಿ ಕಟ್ಟಿಕೊಂಡು ಎರಡು ಸಲ ಬಂದರು. ಮಳೆ, ಟ್ರಾಫಿಕ್ಕು, ದೂರ, ಆಮೇಲೆ ಬರಲಿಲ್ಲ. ಶಾಲೆಯಲ್ಲೂ ನನಗೆ ಗೆಳತಿ ಅನ್ನುವವರು ಇರಲಿಲ್ಲ. ನಾನು ಆರು ವರ್ಷದವಳಿದ್ದಾಗ ಬಂದವಳು, ನನ್ನ ಇಂಗ್ಲಿಷಿಗೆ ಇನ್ನೂ ಬಾಗಲಕೋಟೆಯ ಧೂಳು ಅಂಟಿತ್ತು. ಆ ಚಳಿಗಾಲದಲ್ಲಿ ನಾನು ಒಂದು ಆಟ ಕಂಡುಕೊಂಡೆ: ಮೆಟ್ಟಿಲಿನ ಮೇಲೆ ಕುಳಿತು, ಮನೆಯ ಯಾವ ಮೂಲೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಬರೀ ಸಪ್ಪಳದಿಂದ ಹೇಳುವುದು. ನಲ್ಲಿ ನೀರು, ರಿಮೋಟು, ಅವ್ವನ ಬಳೆ. ತಪ್ಪುತ್ತಲೇ ಇರಲಿಲ್ಲ. ಸಪ್ಪಳಗಳು ಅಷ್ಟು ಕಡಿಮೆ ಇದ್ದವು.

ನಮ್ಮ ಊರಿಗೆ ಒಂದು ಬೇಸ್‌ಬಾಲ್ ತಂಡ ಇತ್ತು. ದೊಡ್ಡ ಲೀಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಲೀಗುಗಳಿರುತ್ತವೆ. ನಮ್ಮದು ಕೆಳಗಿನ ಮೆಟ್ಟಿಲಿನದು. ಎಲ್ಲಿಂದಲೋ ಆರಿಸಿ ತಂದ ಹುಡುಗರು ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಆಡುತ್ತಾರೆ. ಚೆನ್ನಾಗಿ ಆಡಿದವರನ್ನು ಮೇಲಿನ ಮೆಟ್ಟಿಲಿಗೆ ಕಳಿಸುತ್ತಾರೆ, ಉಳಿದವರನ್ನು ಮನೆಗೆ. ಅಷ್ಟು ದಿನ ಅವರು ಇರುವುದು ಊರಿನವರ ಮನೆಗಳಲ್ಲಿ. ಯಾವ ಹುಡುಗ ಯಾವ ಮನೆಗೆ ಎಂದು ನೋಡಿಕೊಳ್ಳುತ್ತಿದ್ದವಳು ಕ್ಯಾರಲ್, ಅಪ್ಪನ ಜೊತೆ ಕೆಲಸ ಮಾಡುವವನೊಬ್ಬನ ಹೆಂಡತಿ. ಆ ವರ್ಷ ಅವಳಿಗೆ ಒಂದು ಕೋಣೆ ಕಡಿಮೆ ಬಿದ್ದಿತ್ತು. ಅಪ್ಪ ಹೂಂ ಎಂದು ಬಂದಿದ್ದ. ಈ ಸಲವೂ ಅವ್ವನನ್ನು ಕೇಳಿರಲಿಲ್ಲ.

“ಹಳದಿ ಕ್ವಾಣಿಗೆ ಒಬ್ಬ ಹುಡುಗ ಬರ್ತಾನಂತ ಹೇಳು ಅವ್ವಗ,” ಎಂದ.

ನಾನು ಹೋಗಿ ಹೇಳಿದೆ. ಅವ್ವ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ. ಮರುದಿನ ಆ ಕೋಣೆಯ ಬಾಗಿಲು ತೆರೆದು, ನೆಲ ಒರೆಸಿ, ಚಾದರ ಹಾಸಿದಳು. ಹಾಸುವಾಗ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ.

ಬಂದವನ ಹೆಸರು ಹಸಿಂತೊ. ಡೊಮಿನಿಕನ್ ರಿಪಬ್ಲಿಕ್‌ನವನು, ಹತ್ತೊಂಬತ್ತು ವರ್ಷ, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಚೆಂಡು ಎಸೆಯುವವನು, ಅಂದರೆ ಪಿಚರ್, ಅದರಲ್ಲೂ ಎಡಗೈಯವನು. ಅಂಥವರು ಅಪರೂಪ, ಅದಕ್ಕೇ ಅವನನ್ನು ಹದಿನಾರರಲ್ಲೇ ಒಪ್ಪಂದ ಮಾಡಿ ಕರೆತಂದಿದ್ದರು. ಅವನ ಇಂಗ್ಲಿಷು ನನ್ನದಕ್ಕಿಂತ ಕಡಿಮೆ. ತಾಯಿ ಕೊಟ್ಟು ಕಳಿಸಿದ ಕಾಫಿಪುಡಿಯ ಪೊಟ್ಟಣವನ್ನು ಎಡಗೈಯಲ್ಲಿ ಅವ್ವನ ಮುಂದೆ ಹಿಡಿದ. ಅವ್ವ ಆ ಕೈಯನ್ನೇ ನೋಡಿದಳು. ಕೊನೆಗೆ ತೆಗೆದುಕೊಂಡಳು.

“ಏನ ಹೆಸರವ್ವಾ ಇದು?” ಎಂದು ನನಗೆ ಮೆಲ್ಲಗೆ ಹೇಳಿದಳು. “ಹಸದೈತಿ ಅಂದಂಗ ಕೇಳಸತೈತಿ.”

ಮೊದಲ ಊಟದಲ್ಲಿ ಅವನು ಜೋಳದ ರೊಟ್ಟಿಯನ್ನು ಎಡಗೈಯಿಂದ ಮುರಿದ. ಅವ್ವನಿಗೆ ತಡೆಯಲಾಗಲಿಲ್ಲ. “ಬಲಗೈ,” ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಾಚಿ, ಬಲಗೈಯಿಂದ ಪ್ರಯತ್ನಿಸಿದ. ಎಣಗಾಯಿಯ ಬದನೆಕಾಯಿ ತಟ್ಟೆಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಆಮೇಲೆ ಎಡಗೈ ಎತ್ತಿ ತೋರಿಸಿ, “ಇದು ನನ್ನ ಕೆಲಸ,” ಎಂದ.

“ಏನಂತಾನ?”

“ಅದು ದುಡಿಯೋ ಕೈ ಅಂತ.”

“ಹಂಗಾದ್ರ ಇರ್ಲಿ ಬಿಡು. ಹೊಟ್ಟಿಗೆ ಹೋದ್ರ ಸಾಕು.”

ಆದರೂ ದಿನವೂ ತಟ್ಟೆ ಇಡುವಾಗ “ಬಲಗೈ” ಎನ್ನುವುದನ್ನು ಬಿಡಲಿಲ್ಲ. ಅವನು ಕಲಿತ ಮೊದಲ ಕನ್ನಡ ಶಬ್ದ ಅದೇ. ಎರಡನೆಯದು ಕೂಡ ಊಟದ ಮೇಜಿನಲ್ಲೇ ಬಂತು. ಅವನು ತನ್ನ ಭಾಷೆಯಲ್ಲಿ ಅವ್ವನನ್ನು “ಮಾಮಾ” ಎಂದು ಕರೆದಾಗ ನಾನು ಬಿದ್ದು ಬಿದ್ದು ನಕ್ಕೆ. ಅವ್ವನ ತುಟಿಯೂ ಅಲುಗಿತು. “ಮಾಮಾ ಅಂದ್ರ ನನ್ನ ತಮ್ಮ ಆಗ್ತಾನ ಅಂತ ಹೇಳು. ನಾ ಅವ್ವ,” ಎಂದಳು. ಅಂದವಳೇ ತಾನು ಹೇಳಿದ್ದೇನೆಂದು ತನಗೇ ಕೇಳಿಸಿದವಳಂತೆ ಎದ್ದು ಒಲೆಯ ಕಡೆ ಹೋದಳು. ಅಂದಿನಿಂದ ಅವನಿಗೆ ಅವಳು ಅವ್ವಾ. ಅಪ್ಪ ತಲೆ ಎತ್ತದೆ ಮಜ್ಜಿಗೆ ಕಲಸಿಕೊಳ್ಳುತ್ತಿದ್ದ.

ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಹಸಿಂತೊ ಮಾಂಸವನ್ನು ಮೈದಾನದಲ್ಲೇ ತಿಂದು ಬರುತ್ತಿದ್ದ. ಒಮ್ಮೆ ಕೋಳಿಯ ಪೊಟ್ಟಣ ಹಿಡಿದು ಬಂದವನು ಅವ್ವನ ಮುಖ ನೋಡಿ ಅಂಗಳದಲ್ಲೇ ನಿಂತು ತಿಂದು, ಕೈ ತೊಳೆದು ಒಳಗೆ ಬಂದ. ರೊಟ್ಟಿ ಮಾತ್ರ ಆರೇಳು ಬೇಕಿತ್ತು. ಅವ್ವ ತಿಂಗಳುಗಟ್ಟಲೆ ಅನ್ನ ಸಾರು ಎಂದು ಮುಗಿಸುತ್ತಿದ್ದವಳು ಮತ್ತೆ ದಿನವೂ ರೊಟ್ಟಿ ಬಡಿಯತೊಡಗಿದಳು. ಮೆಟ್ಟಿಲಿನ ಮೇಲೆ ಕುಳಿತು ನಾನು ಆ ಪಟಪಟ ಸದ್ದು ಕೇಳುತ್ತಿದ್ದೆ. ರೊಟ್ಟಿ ಅವನಿಗಾಗಿ ಬಡಿಯುತ್ತಿದ್ದದ್ದು, ನನಗೆ ಅದು ಗೊತ್ತಿತ್ತು. ಆದರೂ ಸದ್ದು ಇತ್ತಲ್ಲ.

ರಜೆಯ ಆ ದಿನಗಳಲ್ಲಿ ಬೀದಿಯ ಮಕ್ಕಳೆಲ್ಲ ಕ್ಯಾಂಪುಗಳಿಗೆ ಹೋಗಿಬಿಡುತ್ತಿದ್ದರು. ಹಸಿಂತೊ ಹತ್ತು ಗಂಟೆಗೆ ಏಳುತ್ತಿದ್ದ. ಮಧ್ಯಾಹ್ನ ಜೊತೆಯವನೊಬ್ಬ ಕಾರಿನಲ್ಲಿ ಬಂದು ಅವನನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದ. ಅದರ ನಡುವಿನ ಹೊತ್ತು ನನ್ನದು. ಹಿತ್ತಲಿನಲ್ಲಿ ಅವನ ದೊಡ್ಡ ಗ್ಲೋವು ಹಾಕಿಕೊಂಡು ನಿಲ್ಲುತ್ತಿದ್ದೆ. ಅವನು ಚೆಂಡನ್ನು ಕೆಳಗಿನಿಂದ ಮೆತ್ತಗೆ ಎಸೆಯುತ್ತಿದ್ದ. ಕೆಂಪು ಹೊಲಿಗೆಯ ಮೇಲೆ ಬೆರಳು ಹೇಗೆ ಇಡಬೇಕು, ಚೆಂಡು ಕೈಬಿಡುವಾಗ ಮಣಿಕಟ್ಟನ್ನು ಹೇಗೆ ಝಟ್ಟನೆ ಬಗ್ಗಿಸಬೇಕು ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಇಟ್ಟು ತೋರಿಸಿದ. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಿನವಿಡೀ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತು ತಿರುಗುತ್ತಿದ್ದವಳಿಗೆ, ಯಾರಿಗೂ ಏನನ್ನೂ ತಲುಪಿಸಬೇಕಿಲ್ಲದ ಆ ಒಂದು ತಾಸು ಎಷ್ಟು ಹಗುರ ಅನ್ನಿಸುತ್ತಿತ್ತು! ಚೆಂಡು ಬಂತು, ಹಿಡಿದೆ, ತಿರುಗಿ ಕೊಟ್ಟೆ. ಅಷ್ಟೇ.

ಹುಡುಗರನ್ನು ಇಟ್ಟುಕೊಂಡ ಮನೆಯವರಿಗೆ ಮೈದಾನದಲ್ಲಿ ಬೇರೆಯೇ ಜಾಗ ಇರುತ್ತಿತ್ತು. ಜುಲೈ ಮೊದಲಲ್ಲಿ ಅವ್ವ ಮೊದಲ ಬಾರಿ ಬಂದಳು. ಚೂಡಿದಾರದ ಮೇಲೆ ಅಪ್ಪನ ದಪ್ಪ ಜಾಕೆಟ್ಟು, ಕೈಯಲ್ಲಿ ಒಗ್ಗರಣೆ ಚುರುಮುರಿಯ ಡಬ್ಬಿ. ನಾನು ಅಪ್ಪ ಅವ್ವನ ನಡುವೆ ಕುಳಿತೆ. ಆ ಸಂಜೆ ನಮ್ಮ ತಂಡ ಒಂದೇ ರನ್ನು ಮುಂದಿತ್ತು, ಮೂರೂ ಬೇಸಿನ ಮೇಲೆ ಎದುರಾಳಿಗಳು ರನ್ನಿಗಾಗಿ ಓಡಲು ಕಾದು ನಿಂತಿದ್ದರು, ಒಬ್ಬರೂ ಔಟಾಗಿರಲಿಲ್ಲ; ಮೂವರು ಔಟಾದರೆ ಮಾತ್ರ ಅವರ ಸರದಿ ಮುಗಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಹಸಿಂತೊನನ್ನು ಕಳಿಸಿದರು. ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತಾಗ ಅವನು ನಮ್ಮ ಮನೆಯ ಹುಡುಗನಂತೆ ಕಾಣಲೇ ಇಲ್ಲ. ಬಲಗಾಲು ಎದೆಯವರೆಗೆ ಎದ್ದಿತು, ಎಡಗೈ ಬೆನ್ನ ಹಿಂದಿನಿಂದ ಎಲ್ಲಿಂದಲೋ ಬಂತು. ಮೊದಲನೆಯವನು ಬ್ಯಾಟು ಬೀಸಿದ್ದು ಗಾಳಿಗೆ. ಎರಡನೆಯವನೂ. ಮೂರನೆಯವನು ಬೀಸಲೇ ಇಲ್ಲ, ನಿಂತು ನೋಡುತ್ತ ಔಟಾದ. ಜನ ಎದ್ದು ಕೂಗಿದರು. ಕ್ಯಾರಲ್ ಹಿಂದಿನಿಂದ ಬಗ್ಗಿ ಅವ್ವನ ಭುಜ ಅಲುಗಿಸಿ, “ನಿಮ್ಮ ಹುಡುಗ! ನಿಮ್ಮ ಹುಡುಗ ಕಣ್ರೀ!” ಎನ್ನುವಂತೆ ಇಂಗ್ಲಿಷಿನಲ್ಲಿ ಕಿರುಚಿದಳು. ಅಪ್ಪ ಚುರುಮುರಿ ಚೆಲ್ಲಿದ್ದೂ ಗೊತ್ತಾಗದೆ ಚಪ್ಪಾಳೆ ತಟ್ಟುತ್ತಿದ್ದ. ವೃತ್ತಿಪರ ಆಟಗಾರನಾಗಿ ಹಸಿಂತೊ ಮಾಡಿದ ಅತಿ ದೊಡ್ಡ ಸಾಧನೆ ಅದು, ಆ ಮೂವರು. ಆಗ ಅದು ಮೊದಲನೆಯದು ಎಂದುಕೊಂಡಿದ್ದೆವು.

“ಇಷ್ಟ ಜೋರ್ ಒಗದ್ರ ತೋಳು ಉಳಿತೈತೇನು?” ಎಂದು ಅವ್ವ ಯಾರನ್ನೂ ಉದ್ದೇಶಿಸದೆ ಕೇಳಿದಳು.

ಆಟದ ಮರುದಿನ ಅವನು ಭುಜಕ್ಕೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕೂರುತ್ತಿದ್ದ. ಅವ್ವನಿಗೆ ಅದು ನೋಡಲಾಗುತ್ತಿರಲಿಲ್ಲ. “ನೋವಿಗೆ ಯಾರರ ಬರ್ಫ ಇಡತಾರೇನು? ಕಾಸಬೇಕಲ್ಲ ಅದನ್ನ!” ಎಂದು ಔಡಲೆಣ್ಣೆ ಬಿಸಿ ಮಾಡಿ ತಂದಳು. ತಂಡದ ತರಬೇತುದಾರರು ಹೇಳಿದ್ದನ್ನೇ ಮಾಡಬೇಕು ಎಂದು ಅವನು ನನ್ನ ಮೂಲಕ ತಿಳಿಸಿದ. ಅವ್ವ ಎಣ್ಣೆಯ ಬಟ್ಟಲನ್ನು ಅವನ ಪಕ್ಕದಲ್ಲೇ ಇಟ್ಟು ಹೋದಳು, ಮನಸ್ಸು ಬದಲಾದರೆ ಇರಲಿ ಎಂದು. ಅದು ಅಲ್ಲೇ ತಣ್ಣಗಾಯಿತು.

ಜುಲೈ ಕೊನೆಯ ಒಂದು ದಿನ ಅವನು ಬಲಗೈಯಿಂದ ಊಟ ಮಾಡಿದ. ಯಾರೂ ಹೇಳಿರಲಿಲ್ಲ. ರೊಟ್ಟಿಯನ್ನು ಮೆಲ್ಲಗೆ, ಮಕ್ಕಳು ಮುರಿಯುವ ಹಾಗೆ ಮುರಿದು, ಚಟ್ನಿಪುಡಿಗೆ ಅದ್ದಿ ಬಾಯಿಗಿಟ್ಟ. ಅವ್ವ ಸೌಟು ಹಿಡಿದು ನಿಂತುಬಿಟ್ಟಳು.

“ನೋಡ್ರೀ! ಬಲಗೈಲೆ ಉಣ್ಣಾಕತ್ತಾನ!”

ಅವಳು ಅದನ್ನು ಹೇಳಿದ್ದು ಅಪ್ಪನಿಗೆ. ನೇರವಾಗಿ. ಅಪ್ಪ ತಲೆ ಎತ್ತಿ ಹಸಿಂತೊನನ್ನಲ್ಲ, ಅವ್ವನನ್ನು ನೋಡಿದ. “ಹೌದಲ್ಲ,” ಎಂದ. “ಕಲತಾ ನೋಡು.” ಆ ಹೊತ್ತು ನಮ್ಮ ಮೇಜಿನ ಸುತ್ತ ಇದ್ದ ಸಂತೋಷವನ್ನು ನಾನು ಈಗಲೂ ಮುಟ್ಟಿ ನೋಡಬಲ್ಲೆ. ಅವ್ವ ಅವನ ತಟ್ಟೆಗೆ ಬೆಣ್ಣೆ ಹಾಕಿದಳು. ಅವನು ನಕ್ಕ. ಮುಂದಿನ ದಿನವೂ ಬಲಗೈ, ಅದರ ಮುಂದಿನ ದಿನವೂ.

ಅದಾದ ಸೋಮವಾರ ತಂಡಕ್ಕೆ ಬಿಡುವು. ಅಪ್ಪ ನಾಲ್ಕು ಗಂಟೆಗೆ ಕೆಲಸದಿಂದ ಬಂದಿದ್ದ. ಅವ್ವ ಮೇಲಿನ ಕಪಾಟಿನಲ್ಲಿದ್ದ ದೊಡ್ಡ ಪಾತ್ರೆ ತೆಗೆದುಕೊಡಲು ಹಸಿಂತೊನನ್ನು ಕರೆದಳು. ಅವನು ಎಡಗೈ ಎತ್ತಿದ. ಕೈ ಎದೆಯವರೆಗೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹೋಗಲೇ ಇಲ್ಲ. ತಕ್ಷಣ ಬಲಗೈ ಚಾಚಿ ಪಾತ್ರೆ ಇಳಿಸಿಕೊಟ್ಟು ನಗಲು ನೋಡಿದ. ಅವ್ವ ನಗಲಿಲ್ಲ. ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ನನ್ನನ್ನು ಕರೆದಳು.

“ಲೀಲಾ, ಬಾ ಇಲ್ಲಿ. ಕೇಳು ಅವನ್ನ, ತೋಳು ಯಾವಾಗಿಂದ ನೋಯಾಕತ್ತೈತಿ.”

ಮೊದಲು ಏನೂ ಇಲ್ಲ ಎಂದ. ಅವ್ವ ಮತ್ತೆ ಕೇಳಿಸಿದಳು. ಅವನು ಕುರ್ಚಿಯ ಮೇಲೆ ಕುಳಿತು, ಎಡಗೈಯನ್ನು ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಇಟ್ಟುಕೊಂಡು, ನೆಲ ನೋಡುತ್ತ ಹೇಳಿದ. ಆ ಮೂವರನ್ನು ಔಟು ಮಾಡಿದ ಸಂಜೆಯಿಂದ ನೋವು. ಈಗ ಅಂಗಿ ಹಾಕುವುದೂ ಕಷ್ಟ. ತಂಡದಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಪಟ್ಟಿಯಿಂದ ತೆಗೆಯುತ್ತಾರೆ, ತೆಗೆದರೆ ಮನೆಗೆ. ತಾನು ಹೊರಟ ದಿನ ಇಡೀ ಓಣಿಯೇ ವಿಮಾನ ನಿಲ್ದಾಣಕ್ಕೆ ಬಂದಿತ್ತು. ಯಾವ ಮುಖ ಹೊತ್ತು ಹೋಗಲಿ? ನನ್ನ ಕೈ ಹಿಡಿದು, “ಪ್ಲೀಸ್, ಲೀಲಾ, ಹೇಳಬೇಡ,” ಎಂದ. ಆಗಲೇ ನಾನು ಅವ್ವನಿಗೆ ಹೇಳಾಗಿತ್ತು.

ಅಪ್ಪ ಜೇಬಿನಿಂದ ಫೋನು ತೆಗೆದ. “ಕ್ಯಾರಲ್‌ಗೆ ಕಾಲ್ ಮಾಡ್ತೀನಿ. ಕೋಚ್‌ಗ ತಿಳಿಸಲಿ. ಹಿಂಗ ಬಿಟ್ರ ಕೈನ ಹೋಗ್ತೈತಿ.”

“ಈ ಸಲನೂ ಕೇಳಲಾರದ ಮಾಡ್ತೀರೇನು?” ಎಂದಳು ಅವ್ವ.

ಅಪ್ಪನ ಬೆರಳು ಫೋನಿನ ಮೇಲೆ ನಿಂತಿತು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಕುಳಿತ. ಅವ್ವ ಹಸಿಂತೊನ ಎದುರಿನ ಕುರ್ಚಿ ಎಳೆದುಕೊಂಡಳು. ಮಾತಾಡಿದ್ದು ಅವನ ಮುಖ ನೋಡುತ್ತಲೇ, ಆದರೆ ನನಗೆ.

“ಹೇಳು ಅವಗ. ಹೊಟ್ಯಾಗ ಕೂಸು ಅಲ್ಲಾಡೋದು ನಿಂತಾಗ ನಾ ಯಾರಿಗೂ ಹೇಳ್ಲಿಲ್ಲಂತ. ಒಂದ ಇಡೀ ದಿನ ಸುಮ್ನಿದ್ದೆ. ಮಲಕೊಂಡೈತಿ, ಏಳತೈತಿ ಅಂದ್ಕೊಂಡೆ. ಹೇಳಿದ್ರ ಖರೇ ಆಗ್ತೈತಿ ಅಂತ ಅಂಜಿಕಿ. ಹೇಳು.”

ನಾನು ಅಪ್ಪನ ಕಡೆ ನೋಡಿದೆ. ಅಪ್ಪನಿಗೂ ಅದು ಗೊತ್ತಿರಲಿಲ್ಲ ಎಂಬುದು ಅವನ ಬಾಯಿ ನೋಡಿದರೆ ತಿಳಿಯುತ್ತಿತ್ತು. ಯಾರೂ ನನ್ನನ್ನು ತಡೆಯಲಿಲ್ಲ. ನಾನು ಹೇಳಿದೆ. ಸಣ್ಣ ಸಣ್ಣ ಇಂಗ್ಲಿಷ್ ಶಬ್ದಗಳಲ್ಲಿ, ಒಂದೊಂದಾಗಿ, ಅವನಿಗೆ ತಿಳಿಯುವ ಹಾಗೆ. ಬೇಬಿ ಎಂದೆ. ಮಲಗಿದೆ ಅಂದುಕೊಂಡಳು ಎಂದೆ. ಆ ಹಳದಿ ಕೋಣೆಯಲ್ಲಿ ತೊಟ್ಟಿಲಿತ್ತು ಎಂದೂ ಹೇಳಿದೆ. ಅವ್ವ ಅದನ್ನು ಹೇಳಿರಲಿಲ್ಲ, ಅದು ನನ್ನದು. ಹೇಳುವ ಹೊತ್ತಿಗೆ ನನಗೆ ಅಳು ಬರಲಿಲ್ಲ. ತಪ್ಪಾಗಬಾರದು ಎಂಬ ಒಂದೇ ಚಿಂತೆ ಇತ್ತು. ಇನ್ನೊಬ್ಬರ ದುಃಖವನ್ನು ಚೆಲ್ಲದೆ ದಾಟಿಸುವುದನ್ನು ನಾನು ಅವತ್ತು ಕಲಿತೆ. ಈಗ ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ಅದೇ ಕೆಲಸ ಮಾಡುತ್ತೇನೆ. ನನ್ನ ದುಃಖ ಯಾರಿಗೆ ಕೊಡಬೇಕು ಎಂಬುದನ್ನು ಕಲಿಯಲು ಬಹಳ ವರ್ಷ ಬೇಕಾದವು.

“ನನಗ ಯಾಕ ಹೇಳ್ಲಿಲ್ಲ?” ಎಂದ ಅಪ್ಪ. “ಮೊದಲ ಬಂದಿದ್ರೂ ಏನೂ ಆಗ್ತಿರ್ಲಿಲ್ಲಂತ ಡಾಕ್ಟರ್ ಹೇಳಿದ್ರಲ್ಲ.”

“ನೀವು ಕೇಳಿದ್ರೇನು?”

ಹಸಿಂತೊ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ಅವ್ವನ ಕೈಯ ಪಕ್ಕದಲ್ಲಿಟ್ಟ. ಮುಟ್ಟಲಿಲ್ಲ. “ನಾಳೆ,” ಎಂದ. “ನಾಳೆ ನಾನೇ ಹೇಳ್ತೀನಿ.”

ಹೇಳಿದ. ಪರೀಕ್ಷೆಗಳಾದವು. ಭುಜದೊಳಗೆ ಸ್ನಾಯು ಹರಿದಿತ್ತು. ಅವನನ್ನು ಅರಿಜೋನಾದಲ್ಲಿದ್ದ ತಂಡದ ಚಿಕಿತ್ಸೆಯ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅವನು ಹೊರಡುವ ದಿನ ಬೆಳಿಗ್ಗೆ ಕ್ಯಾರಲ್ ಬಂದು, ಲೈಬ್ರರಿಯಲ್ಲಿ ಬೊಂಬೆಯಾಟ ಇದೆ ಎಂದು ನನ್ನನ್ನು ಕರೆದುಕೊಂಡು ಹೋದಳು. ನಾನು ತಿರುಗಿ ಬರುವಷ್ಟರಲ್ಲಿ ಅವನ ಚೀಲಗಳಿರಲಿಲ್ಲ. ಹೋಗುವುದು ಸಂಜೆ ಎಂದುಕೊಂಡಿದ್ದೆ.

“ನೋಡಿದ್ರ ನೀ ಅಳ್ತೀ ಅಂತ,” ಎಂದಳು ಅವ್ವ. ಅಪ್ಪ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಎಷ್ಟೋ ತಿಂಗಳ ಮೇಲೆ ಅವರಿಬ್ಬರೂ ಮಾತಾಡಿಕೊಂಡು, ಕೂಡಿ ಮಾಡಿದ ಮೊದಲ ತೀರ್ಮಾನ ಅದು. ನನ್ನನ್ನು ಕೇಳಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಬೇಲಿಗೆ ಬೆನ್ನು ಕೊಟ್ಟು ಕುಳಿತೆ. ಒಳಗೆ ಅವರು ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು, ಒಬ್ಬರಾದ ಮೇಲೆ ಒಬ್ಬರು, ತಗ್ಗಿದ ದನಿಯಲ್ಲಿ. ಯಾರೂ ನನ್ನನ್ನು ಕರೆಯಲಿಲ್ಲ. ಇನ್ನು ಕರೆಯುವ ಅಗತ್ಯವಿರಲಿಲ್ಲ.

ಶಸ್ತ್ರಚಿಕಿತ್ಸೆಯಾದರೂ ಚೆಂಡಿಗೆ ಮೊದಲಿನ ವೇಗ ಬರಲಿಲ್ಲ. ಮುಂದಿನ ವಸಂತದಲ್ಲಿ ತಂಡ ಅವನನ್ನು ಕೈಬಿಟ್ಟಿತು. ತನ್ನ ಊರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆಂದು ಕ್ಯಾರಲ್ ಹೇಳಿದ್ದಳು. ಅವ್ವ ಹಬ್ಬಗಳಲ್ಲಿ ಅವನಿಗೆ ಫೋನು ಮಾಡುತ್ತಿದ್ದಳು. ಅವಳು ಕನ್ನಡದಲ್ಲಿ, ಅವನು ಸ್ಪ್ಯಾನಿಷಿನಲ್ಲಿ, ಇಬ್ಬರೂ ಜೋರಾಗಿ. ಅದಕ್ಕೂ ನಾನು ಬೇಕಾಗಲಿಲ್ಲ. ಸಂಬಳಕ್ಕೆ ಆಡಿದ ಪ್ರತಿಯೊಬ್ಬನ ಲೆಕ್ಕವನ್ನೂ ಇಡುವವರಿದ್ದಾರೆ. ಈಚೆಗೆ ಅವನ ಹೆಸರು ಹುಡುಕಿ ನೋಡಿದೆ. ಆ ಬೇಸಿಗೆಗೆ ಒಂದು ಸಾಲು ಇದೆ, ಅದರ ಕೆಳಗೆ ಏನೂ ಇಲ್ಲ.

ಆ ವರ್ಷದ ಕೊನೆಯ ಆಟಕ್ಕೆ ನಾವು ಮೂವರೂ ಹೋಗಿದ್ದೆವು. ಕ್ಯಾರಲ್ ಒತ್ತಾಯ ಮಾಡಿದ್ದಳು. ನಡು ಆಟದಲ್ಲಿ ಹೊಸ ಪಿಚರ್ ಒಬ್ಬ ಓಡಿ ಬಂದ. ಅವನ ಬೆನ್ನ ಮೇಲೆ ಹಸಿಂತೊನ ನಂಬರು ಇತ್ತು. ಅಂಗಿ ತಂಡದ್ದು, ಒಬ್ಬ ಹೋದರೆ ಇನ್ನೊಬ್ಬನಿಗೆ. ಅವ್ವ ಅದನ್ನು ಕಂಡು ಎದ್ದು ನಿಂತಳು, ಮೆಟ್ಟಿಲು ಹತ್ತಿ ಮೇಲಿನ ಕಟಾಂಜನದವರೆಗೆ ನಡೆದಳು. ಅಪ್ಪ ಒಂದು ಗಳಿಗೆ ಕುಳಿತಿದ್ದು, ಅವಳ ಹಿಂದೆ ಹೋದ. ನಾನು ತಿರುಗಿ ನೋಡಿದೆ. ಅವರು ನನಗೆ ಬೆನ್ನು ಮಾಡಿ ನಿಂತಿದ್ದರು. ಅವ್ವನ ಭುಜ ಅಲುಗುತ್ತಿತ್ತು, ಅಪ್ಪನ ಕೈ ಅದರ ಮೇಲಿತ್ತು. ನನ್ನ ಎರಡೂ ಪಕ್ಕದ ಜಾಗ ಖಾಲಿಯಾಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ತಿರುಗಿ, ಒಬ್ಬಳೇ ಬಂದಿದ್ದೀಯಾ ಮಗು ಎಂದು ಕೇಳಿದಳು. ಇಲ್ಲ, ಅಗೋ ಅಲ್ಲಿದ್ದಾರೆ ಎಂದು ತೋರಿಸಿದೆ. ಅವಳು ನೋಡಿ, ಮುಗುಳ್ನಕ್ಕು, ಆಟದ ಕಡೆ ತಿರುಗಿದಳು. ಅಷ್ಟರಲ್ಲಿ ಹೊಸ ಹುಡುಗ ಏನೋ ಒಳ್ಳೆಯದು ಮಾಡಿರಬೇಕು, ಜನರೆಲ್ಲ ಒಮ್ಮೆಲೇ ಎದ್ದು ಕೂಗಿದರು. ನನಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಬೂಟು ಬಿಚ್ಚಿಟ್ಟು ಬೆಂಚಿನ ಮೇಲೆ ಹತ್ತಿ ನಿಂತೆ.